ನೀರ್‌ದೋಸೆ ಪೂರ್ತಿ ಬಿಡ್ಬೇಕಾ ಅಕ್ಕಾ?

ಪ್ರಶ್ನೆ: ಅಕ್ಕಾ, ನಂಗೆ 29 ವರ್ಷ, ಚೊಚ್ಚಲ ಬಸುರಿ, ಈಗ 27 ವಾರ. ಮನೆ ಡೊಂಬಿವ್ಲಿ, ಆಫೀಸು ದಾದರ್ ಹತ್ರ, ಬೆಳಿಗ್ಗೆ ಎಂಟರೊಳಗೆ ಲೋಕಲ್ ಹಿಡೀಬೇಕು. ಹೋದ ವಾರ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತಗೊಂಡ್ರು, 162 ಬಂತು. ಬಸುರಿ ಶುಗರ್, ಎರಡು ವಾರ ಊಟ-ವಾಕಿಂಗ್ ಸರಿ ಮಾಡಿ ನೋಡಿ, ಆಮೇಲೆ ಔಷಧಿ ಮಾತಾಡೋಣ ಅಂದ್ರು ಡಾಕ್ಟರು. ಏನು ತಿನ್ಲಿ ಅಂತ ಕೇಳೋಷ್ಟರಲ್ಲಿ ಮುಂದಿನವರ ಹೆಸರು ಕೂಗಿ ಆಯ್ತು. ಅತ್ತೆ ಉಡುಪಿ ಕಡೆಯವರು, ಎರಡು ಜೀವ ಮಗಾ, ಬೆಲ್ಲ ತಿಂದ್ರೆ ಏನೂ ಆಗಲ್ಲ ಅಂತಾರೆ. ವಾಟ್ಸಾಪಲ್ಲಿ ಗೆಳತಿಯರು ಅನ್ನ ಮುಟ್ಲೇಬೇಡ ಅಂತಾರೆ. ನಾಲ್ಕು ದಿನದಿಂದ ಸೌತೆಕಾಯಿ, ಮಜ್ಜಿಗೆ ಮೇಲೇ ಇದೀನಿ, ಮೊನ್ನೆ ಥಾಣೆ ಬರೋ ಹೊತ್ತಿಗೆ ಕಣ್ಣು ಕತ್ತಲೆ ಬಂದು ಯಾರೋ ಎದ್ದು ಸೀಟು ಕೊಟ್ರು. ನೀರ್‌ದೋಸೆ ಪೂರ್ತಿ ಬಿಡ್ಬೇಕಾ?
– ಹೆಸರು ಬೇಡ, ಡೊಂಬಿವ್ಲಿ

ಉತ್ತರ: ತಂಗೀ, ಮೊದ್ಲು ಆ ಸೌತೆಕಾಯಿ ವ್ರತ ಇವತ್ತೇ ಮುಗಿಸು. ಅಕ್ಕ ಅಂತ ಬರೆದಿದ್ದೀಯ, ಅದಕ್ಕೆ ಸ್ವಲ್ಪ ಗದರೋ ಹಕ್ಕು ತಗೊಂಡಿದೀನಿ. ಬಸುರಿಗೆ ದಿನಕ್ಕೆ ಕಮ್ಮಿ ಅಂದ್ರೂ 175 ಗ್ರಾಂ ಕಾರ್ಬೋಹೈಡ್ರೇಟ್ ಬೇಕು ಅಂತ ಲೆಕ್ಕ, ಒಂದು ಮಧ್ಯಮ ಚಪಾತಿಯಲ್ಲಿ ಇರೋದು ಸುಮಾರು 15-20 ಗ್ರಾಂ. ಅಂದ್ರೆ ನೀನು ಅರ್ಧಕ್ಕೂ ಹೋಗ್ತಿಲ್ಲ. ಹಾಗೆ ಹಸ್ಕೊಂಡಿದ್ರೆ ಮೈ ಕೊಬ್ಬು ಕರಗಿಸೋಕೆ ಶುರು ಮಾಡಿ ರಕ್ತದಲ್ಲಿ ಕೀಟೋನ್ ಏರತ್ತೆ, ಅದು ಮಗುಗೆ ಒಳ್ಳೇದಲ್ಲ, ಶುಗರ್ ಮೀಟರಲ್ಲಿ ನಂಬರ್ ಚೆಂದ ಕಾಣ್ಸಿದ್ರೂ ಅದು ಸುಳ್ಳು ಚೆಂದ.

ಇನ್ನೊಂದು, ನಾನು ಸಿಹಿ ಜಾಸ್ತಿ ತಿಂದೆ ಅದಕ್ಕೇ ಬಂತು ಅಂತ ಅಳ್ತಾ ಕೂರಬೇಡ. ಮಾಸು, ಅದೇ ಪ್ಲಾಸೆಂಟಾ, ಅದು ಬಿಡೋ ಹಾರ್ಮೋನುಗಳು ಅಮ್ಮನ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರ್ತವೆ, ಮಾಸು ಬೆಳೆದ ಹಾಗೆ ಅಡ್ಡಿನೂ ಬೆಳೆಯತ್ತೆ, ಅದಕ್ಕೇ ಹೆಚ್ಚಿನವರಿಗೆ 24-28 ವಾರದಲ್ಲಿ ಟೆಸ್ಟು. ಎರಡು ಗಂಟೆಗೆ 140 ಅಥವಾ ಮೇಲೆ ಬಂದ್ರೆ ಬಸುರಿ ಶುಗರ್ ಅಂತ ಲೆಕ್ಕ, ನಿಂದು 162, ಗಾಬರಿ ಬೇಡ, ಆದ್ರೆ ಸುಮ್ನೆ ಬಿಡೋ ನಂಬರೂ ಅಲ್ಲ.

ಈಗ ನೀರ್‌ದೋಸೆಗೆ ಬರ್ತೀನಿ. ನನ್ನ ಎರಡನೇ ಬಸುರಿಯಲ್ಲಿ ನಂಗೂ ಇದೇ ಆಗಿತ್ತು, ಮುಲುಂಡಿನ ಅಡುಗೆಮನೆ ಕಟ್ಟೆ ಮೇಲೆ ಗ್ಲೂಕೋಮೀಟರ್ ಇಟ್ಕೊಂಡು ನನ್ನ ತಿಂಡಿಗಳನ್ನೆಲ್ಲ ಒಂದೊಂದಾಗಿ ಪರೀಕ್ಷೆಗೆ ಕೂರಿಸಿದ್ದೆ. ಮೂರು ನೀರ್‌ದೋಸೆ, ಕಾಯಿ-ಬೆಲ್ಲ, ಒಂದು ಗಂಟೆಗೆ 171. ಎರಡೇ ದೋಸೆ, ಜೊತೆಗೆ ಒಂದು ಬಟ್ಟಲು ಕಡ್ಲೆ ಗಸಿ, ಅದೂ ಗಸಿ ಅರ್ಧ ಖಾಲಿ ಮಾಡಿ ಆಮೇಲೆ ದೋಸೆ ಮುರಿದಿದ್ದು, 128. ದೋಸೆ ಅದೇ, ಅಕ್ಕಿ ಅದೇ. ಕಾಳು, ಮೊಟ್ಟೆ, ಮೀನು, ತರಕಾರಿ ಮೊದ್ಲು ಹೊಟ್ಟೆಗೆ ಬಿದ್ರೆ ಅಕ್ಕಿಯ ಸಕ್ಕರೆ ನಿಧಾನಕ್ಕೆ ರಕ್ತಕ್ಕೆ ಇಳಿಯತ್ತೆ. ನಿನ್ನ ಮೈ ನನ್ನ ಮೈ ಥರ ಇರಬೇಕು ಅಂತಿಲ್ಲ, ನಿನ್ನ ಉತ್ತರ ನಿನ್ನ ಮೀಟರೇ ಹೇಳ್ಬೇಕು. ಡಾಕ್ಟರ್ ಬೇರೆ ಹೇಳದಿದ್ರೆ ಗುರಿ ಇಷ್ಟು: ಬೆಳಿಗ್ಗೆ ಖಾಲಿ ಹೊಟ್ಟೇಲಿ 95ರ ಕೆಳಗೆ, ಊಟ ಆಗಿ ಒಂದು ಗಂಟೆಗೆ 140ರ ಕೆಳಗೆ, ಎರಡು ಗಂಟೆಗೆ ನೋಡೋದಾದ್ರೆ 120ರ ಕೆಳಗೆ. ಗಂಟೆ ಎಣಿಸೋದು ಮೊದಲ ತುತ್ತಿನಿಂದ, ಕೈ ತೊಳೆದ ಮೇಲಿಂದ ಅಲ್ಲ.

ಕೈ ತೊಳೆಯೋದು ಅಂದಾಗ ನೆನಪಾಯ್ತು. ಮೇ ತಿಂಗಳು, ಮಕ್ಕಳಿಗೆ ಹಾಪೂಸ್ ಹೆಚ್ಚಿಕೊಟ್ಟು ಬೆರಳು ಸೀರೆ ಸೆರಗಿಗೆ ಒರೆಸ್ಕೊಂಡು ಹಾಗೇ ಚುಚ್ಚಿದೆ, 214! ಎದೆ ಧಸಕ್ ಅಂತು. ಸೋಪು ಹಾಕಿ ತೊಳೆದು, ಒರೆಸಿ, ಇನ್ನೊಂದು ಬೆರಳಿಗೆ ಚುಚ್ಚಿದ್ರೆ 117. ಮೊದಲನೇದು ಮಾವಿನ ಹಣ್ಣಿನ ಶುಗರ್, ನಂದಲ್ಲ. ಚುಚ್ಚೋವಾಗ ಬೆರಳಿನ ತುದಿ ಬಿಟ್ಟು ಪಕ್ಕಕ್ಕೆ ಚುಚ್ಚು, ನೋವು ಕಮ್ಮಿ.

ಬೆಳಗಿನ ಹೊತ್ತು ಇನ್ಸುಲಿನ್ ಮಾತು ಕೇಳೋದು ಎಲ್ಲಕ್ಕಿಂತ ಕಮ್ಮಿ, ಹಾಗಾಗಿ ತಿಂಡಿ ಚಿಕ್ಕದಿರಲಿ, ಮಧ್ಯಾಹ್ನ ಅದನ್ನ ತುಂಬಿಸ್ಕೋ. ಏಳು ಗಂಟೆಗೆ ಮನೇಲಿ ಎರಡು ಹೆಸರುಬೇಳೆ ದೋಸೆ ಅಥವಾ ಮೊಟ್ಟೆ ಜೊತೆ ಒಂದು ಚಪಾತಿ, ಹತ್ತೂವರೆಗೆ ಆಫೀಸಲ್ಲಿ ಒಂದು ಮುಷ್ಟಿ ಹುರಿಗಡಲೆ, ಒಂದು ಪೇರಲೆ. ಸ್ಟೇಷನ್ ವಡಾಪಾವ್ ಮಾತ್ರ ಹೆರಿಗೆವರೆಗೆ ಬಿಡು, ಮೈದಾದ ಒಳಗೆ ಆಲೂಗಡ್ಡೆ, ಪಿಷ್ಟದ ಹೊಟ್ಟೇಲಿ ಪಿಷ್ಟ, ಅದಕ್ಕೆ ನನ್ನ ಹತ್ರ ಯಾವ ಉಪಾಯನೂ ಇಲ್ಲ. ಡಬ್ಬಿಯಲ್ಲಿ ಒಂದು ಸಣ್ಣ ವಾಟಿ ಕುಚ್ಚಲಕ್ಕಿ ಅನ್ನ ಇರಲಿ, ಅದರ ಎರಡರಷ್ಟು ತೊಂಡೆಕಾಯಿನೋ ಅಲಸಂಡೆನೋ ಪಲ್ಯ, ಮೊಳಕೆ ಹೆಸರಿನ ಗಸಿ ಅಥವಾ ಬಂಗುಡೆ ಸಾರು. ಕುಚ್ಚಲಕ್ಕಿ ಬೆಳ್ತಿಗೆಗಿಂತ ವಾಸಿ ಅನ್ನೋದು ನಿಜ, ಆದ್ರೆ ಕುಚ್ಚಲಕ್ಕಿ ಅಂತ ಎರಡು ಸಲ ಬಡಿಸ್ಕೊಂಡ್ರೆ ಆ ವಾಸಿಯೆಲ್ಲ ಹೋಯ್ತು, ಇನ್ನು ಅದನ್ನೇ ಮೆತ್ತಗೆ ಬೇಯಿಸಿ ಗಂಜಿ ಮಾಡಿದ್ರೆ ಸಕ್ಕರೆ ಇನ್ನೂ ಬೇಗ ಏರತ್ತೆ. ರಾಗಿ ಅಂಬಲಿಗೂ ಇದೇ ಮಾತು.

ಅತ್ತೆಗೆ ಹೇಳು, ಬೆಲ್ಲನೂ ಸಕ್ಕರೆನೂ ರಕ್ತಕ್ಕೆ ಹೋದ್ಮೇಲೆ ಒಂದೇ. ಎದುರು ಮಾತಾಡೋ ಧೈರ್ಯ ಇಲ್ಲದಿದ್ರೆ ಅವರ ಕೈಯಲ್ಲೇ ಮೀಟರ್ ಕೊಟ್ಟು ನಂಬರ್ ಓದಿಸು, ನಮ್ಮನೇಲಿ ಹಾಗೇ ಮಾಡಿದ್ದು, ಮಾರನೇ ದಿನದಿಂದ ಗಸಿಗೆ ಬೆಲ್ಲ ಬೀಳೋದು ನಿಂತೋಯ್ತು.

ನಡಿಗೆ ಅಂದ್ರೆ ಬೆಳಿಗ್ಗೆ ಐದಕ್ಕೆ ಎದ್ದು ಪಾರ್ಕಿಗೆ ಹೋಗೋದಲ್ಲ. ಪ್ರತಿ ಊಟ ಆದ್ಮೇಲೆ 10-15 ನಿಮಿಷ, ಅಷ್ಟೇ, ದಿನಕ್ಕೆ ಅರ್ಧ ಗಂಟೆ ದಾಟತ್ತೆ. ಕಾಲಿನ ಸ್ನಾಯುಗಳು ನಡೀವಾಗ ಸಕ್ಕರೆನ ನೇರ ಎಳ್ಕೊಳ್ತವೆ, ಇನ್ಸುಲಿನ್ನಿಗೆ ಹೆಚ್ಚು ಕಾಯಲ್ಲ, ಊಟದ ನಂತರದ ನಡಿಗೆಯ ಗುಟ್ಟು ಅದು. ಮಧ್ಯಾಹ್ನ ಆಫೀಸ್ ಕಾರಿಡಾರ್, ರಾತ್ರಿ ಬಿಲ್ಡಿಂಗ್ ಕಾಂಪೌಂಡ್, ಮಳೆ ಇದ್ರೆ ಹಾಲಿಂದ ಅಡುಗೆಮನೆಗೆ ಫೋನಲ್ಲಿ ತವರುಮನೆ ಜೊತೆ ಮಾತಾಡ್ತಾ. ಉಸಿರು ಕಟ್ಟದೆ ಮಾತಾಡೋಕಾಗ್ಬೇಕು, ಆ ವೇಗ ಸಾಕು. ಲೇಡೀಸ್ ಡಬ್ಬದಲ್ಲಿ ನೇತಾಡೋದು ವ್ಯಾಯಾಮ ಅಲ್ಲ, ಅಂಗವಿಕಲರ ಡಬ್ಬಕ್ಕೆ ಬಸುರಿಯರೂ ಹತ್ತಬಹುದು, ಫೈಲ್ ಕೈಯಲ್ಲಿಟ್ಕೊಂಡು ಅದಕ್ಕೇ ಹತ್ತು. ಮಾಸು ಕೆಳಗಿದೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದಾರೆ, ಬಿಪಿ ಇದೆ ಅಂತಾದ್ರೆ ಡಾಕ್ಟರನ್ನ ಕೇಳದೆ ವಾಕಿಂಗ್ ಶುರು ಮಾಡ್ಬೇಡ. ನಡೀವಾಗ ರಕ್ತ, ನೀರು ಹೋಗೋದು, ಹೊಟ್ಟೆ ಬಿಗಿಯೋದು, ತಲೆ ಸುತ್ತೋದು ಆದ್ರೆ ಅಲ್ಲೇ ನಿಂತು ಆಸ್ಪತ್ರೆಗೆ ಫೋನ್ ಮಾಡು. ಮೊನ್ನೆ ಕಣ್ಣು ಕತ್ತಲೆ ಬಂದಿದ್ದನ್ನೂ ಡಾಕ್ಟರಿಗೆ ಹೇಳು, ಹಸಿವಿಗೇ ಬಂದಿರಬಹುದು ಆದ್ರೂ ಹೇಳು.

ಪ್ರಶ್ನೆ: ಅಕ್ಕಾರ, ನಾವು ವಿಜಯಪುರದವ್ರು, ಪಿಂಪ್ರಿಯೊಳಗ ಇರ್ತೀವಿ. ನನಗ ಆರನೇ ತಿಂಗಳದಾಗ ಶುಗರ್ ಬಂದದ. ಜ್ವಾಳದ ರೊಟ್ಟಿ ಎಷ್ಟು ತಿಂದ್ರೂ ಏನೂ ಆಗಂಗಿಲ್ಲ ಅಂತಾರ ನಮ್ಮ ಅತ್ತಿ, ಖರೇ ಏನು? ಸಂಕಷ್ಟಿಗೆ ಸಾಬುದಾಣಿ ಖಿಚಡಿ ತಿನ್ಬಹುದಾ?

ಉತ್ತರ: ಜ್ವಾಳದಾಗ ನಾರಿನಂಶ ಇದೆ, ಮೈದಾಕ್ಕಿಂತ ಎಷ್ಟೋ ಪಾಲು ಒಳ್ಳೇದು, ಆದ್ರೆ ಅದೂ ಪಿಷ್ಟನೇ, ಎರಡು ತೆಳ್ಳಗಿನ ರೊಟ್ಟಿ ಸಾಕು, ಮೂರನೇದಕ್ಕೆ ಕೈ ಹೋದಾಗ ಹೆಸರುಕಾಳು ಪಲ್ಯ ಇನ್ನೊಂದು ಸೌಟು ಹಾಕ್ಕೊಳ್ಳಿ, ಜೊತೆಗೆ ಪುಂಡಿಪಲ್ಯ, ಮೊಸರು, ಹಸಿ ಉಳ್ಳಾಗಡ್ಡಿ. ಸಾಬುದಾಣಿ ಅಂದ್ರೆ ಹೆಚ್ಚೂಕಮ್ಮಿ ಬರೀ ಪಿಷ್ಟದ ಗುಂಡು, ದಿನವಿಡೀ ಉಪವಾಸ ಇದ್ದು ಚಂದ್ರ ಕಂಡ್ಮೇಲೆ ಅದನ್ನ ತಟ್ಟೆ ತುಂಬ ತಿನ್ನೋದು ಬಸುರಿ ಶುಗರಿಗೆ ಎರಡೂ ಕಡೆಯಿಂದ ಪೆಟ್ಟು, ಮೊದ್ಲು ಹಸಿವು ಆಮೇಲೆ ಏರಿಕೆ. ಈ ನಾಲ್ಕು ಸಂಕಷ್ಟಿ ಅತ್ತೆಯವರೇ ನಿಮ್ಮ ಪಾಲಿಂದೂ ಸೇರಿಸಿ ಮಾಡ್ಲಿ, ನೀವು ಗರಿಕೆ ಏರಿಸಿ ಹೊತ್ತಿಗೆ ಸರಿಯಾಗಿ ಊಟ ಮಾಡ್ರಿ.

ಪ್ರಶ್ನೆ: ನನ್ನ ಹೆಂಡತಿಗೆ 33 ವಾರ. ಮೂರು ವಾರ ಅನ್ನ ಕಮ್ಮಿ ಮಾಡಿ, ಇಲ್ಲಿ ವಾಸ್ಕೋದಲ್ಲಿ ದಿನಾ ಸಂಜೆ ನಡೆದು, ಊಟದ ನಂತರದ್ದೆಲ್ಲ ಸರಿಯಾಯ್ತು, ಆದ್ರೆ ಬೆಳಗಿನದ್ದು 105-110 ಬಿಟ್ಟು ಇಳೀತಿಲ್ಲ. ಈಗ ರಾತ್ರಿ ಇನ್ಸುಲಿನ್ ಬರೆದಿದ್ದಾರೆ. ನಾನೇ ಸೋತೆ ಅಂತ ಅಳ್ತಾಳೆ. ಮಗುಗೆ ತೊಂದ್ರೆ ಇದೆಯಾ? ಜೀವನಪೂರ್ತಿ ಚುಚ್ಚಬೇಕಾ?

ಉತ್ತರ: ಗಂಡ ಪತ್ರ ಬರೆದಿರೋದು ನೋಡಿ ಖುಷಿಯಾಯ್ತು. ಬೆಳಗಿನ ನಂಬರ್ ರಾತ್ರಿ ಊಟದ್ದಷ್ಟೇ ಅಲ್ಲ, ನಿದ್ದೆಯಲ್ಲಿ ಲಿವರ್ ಬಿಡೋ ಸಕ್ಕರೆದು, ಅದನ್ನ ಪಥ್ಯದಿಂದ ಹಿಡಿಯೋಕೆ ಎಷ್ಟೋ ಜನಕ್ಕೆ ಆಗಲ್ಲ. ಅವರು ಸೋತಿಲ್ಲ, ಊಟದ ಭಾಗ ಪೂರ್ತಿ ಗೆದ್ದಿದ್ದಾರೆ. ಇನ್ಸುಲಿನ್ ಮಾಸು ದಾಟಿ ಮಗುಗೆ ಹೋಗಲ್ಲ, ದಾಟೋದು ಸಕ್ಕರೆ, ಅದು ಹೆಚ್ಚು ದಾಟಿದ್ರೆ ಮಗು ವಿಪರೀತ ಬೆಳೆದು ಹೆರಿಗೆ ಕಷ್ಟ ಆಗಬಹುದು, ಅದನ್ನ ತಡೆಯೋಕೇ ಈ ಚುಚ್ಚುಮದ್ದು. ಮಲಗೋ ಮುಂಚೆ ಸಕ್ಕರೆ ಹಾಕದ ಒಂದು ಲೋಟ ಹಾಲು, ನಾಲ್ಕು ಬಾದಾಮಿ ಕೊಡಿ. ಕೈ ನಡುಗಿ ಬೆವತ್ರೆ ಮೀಟರ್ ನೋಡಿ, 70ರ ಕೆಳಗಿದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ತಕ್ಷಣ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಮಗುವಿನ ಓಡಾಟ ಕಮ್ಮಿ ಅನಿಸಿದ್ರೆ ನಾಳೆ ನೋಡೋಣ ಅನ್ನದೆ ಆಗಲೇ ಆಸ್ಪತ್ರೆಗೆ ಹೊರಡಿ.

ಜೀವನಪೂರ್ತಿ ಅಲ್ಲ. ಮಾಸು ಹೊರಗೆ ಬಂದ ಮೇಲೆ ಹೆಚ್ಚಿನವರ ಶುಗರ್ ಬೇಗ ಇಳಿದುಬಿಡತ್ತೆ, ಇನ್ಸುಲಿನ್ ನಿಲ್ಲತ್ತೆ. ಮಗುವಿನ ಹಿಮ್ಮಡಿ ಚುಚ್ಚಿ ಶುಗರ್ ನೋಡ್ತಾರೆ, ಹುಟ್ಟಿದ ಹೊತ್ತಲ್ಲಿ ಅದು ಇಳಿಯೋ ಸಾಧ್ಯತೆ ಇರತ್ತೆ, ಹೆದರ್ಬೇಡಿ, ಮೊದಲ ಗಂಟೆಯೊಳಗೆ ಎದೆಹಾಲು ಕುಡಿಸಿ. ಆದ್ರೆ ಈ ತಾಯಂದಿರಿಗೆ ಮುಂದೆ ಟೈಪ್ 2 ಸಕ್ಕರೆ ಕಾಯಿಲೆ ಬರೋ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಅದಕ್ಕೆ ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ 75 ಗ್ರಾಂ ಟೆಸ್ಟು, ಆಮೇಲೆ ವರ್ಷಕ್ಕೊಂದ್ಸಲ ಮಾಡಿಸಿದ್ರೆ ಒಳ್ಳೇದು. ಅಂಟಿನುಂಡೆ, ಬಾಣಂತನದ ಗದ್ದಲದಲ್ಲಿ ನಮ್ಮ ಹೆಂಗಸರು ಮರೆತುಬಿಡೋದು ಇದನ್ನೇ. ಮಗುವಿನ ಆರು ವಾರದ ಲಸಿಕೆನೂ ಆಗಲೇ ಬರತ್ತೆ, ಆ ವಾರದ ಒಂದು ದಿನ ರಜೆ ಹಾಕಿ ಬೆಳಿಗ್ಗೆ ಮಗುವನ್ನ ನೀವು ಎತ್ಕೊಳ್ಳಿ, ಅವರನ್ನ ಖಾಲಿ ಹೊಟ್ಟೇಲಿ ಲ್ಯಾಬಿಗೆ ಕರ್ಕೊಂಡ್ ಹೋಗಿ.