ಷೇರಿನ ಹವಾ ಯಾವುದು, ಕಂಪನಿಯ ನಿಜವಾದ ಬಲ ಯಾವುದು ಅಂತ ತಿಳಿಯುವುದು ಹೇಗೆ?

ಪೇಟಿಎಂ ಷೇರನ್ನೇ ನೋಡಿ. 2021ರ ನವೆಂಬರ್‌ನಲ್ಲಿ ಐಪಿಒ (ಜನರಿಗೆ ಮೊದಲ ಸಲ ಷೇರು ಮಾರುವುದು) ಬಂದಾಗ ಬೆಲೆ 2,150 ರೂಪಾಯಿ. ಎಳನೀರಿನ ಗಾಡಿಗೂ ಅದರ ಕ್ಯೂಆರ್ ಕೋಡ್ ಅಂಟಿಸಿರುತ್ತಿದ್ದರು. ಇಷ್ಟು ಜನ ಬಳಸುವ ಕಂಪನಿ ಗಟ್ಟಿಯಾಗೇ ಇರುತ್ತದೆ ಅನ್ನಿಸುವುದು ಸಹಜ. ಆದರೆ ಹಿಂದಿನ ಹಣಕಾಸು ವರ್ಷದಲ್ಲಿ ಸುಮಾರು 1,700 ಕೋಟಿ ನಷ್ಟ ಅಂತ ಐಪಿಒ ದಾಖಲೆಯಲ್ಲೇ ಇತ್ತು. ಮೊದಲ ದಿನವೇ ಷೇರು ಸುಮಾರು ಶೇ 27ರಷ್ಟು ಬಿತ್ತು.

ಹೆಸರು ಮಾಡುವುದು ಬೇರೆ, ದುಡ್ಡು ಮಾಡುವುದು ಬೇರೆ ಅಲ್ವಾ? ನಾನು ಮೊದಲು ತೆರೆಯುವುದು ಕಂಪನಿಯ ವಾರ್ಷಿಕ ವರದಿಯಲ್ಲಿರುವ ಕ್ಯಾಶ್ ಫ್ಲೋ ಪುಟ, ಅಂದರೆ ನಗದು ಬಂದು ಹೋದ ಲೆಕ್ಕ. ಐದು ವರ್ಷದಲ್ಲಿ ವ್ಯಾಪಾರದಿಂದ ಕೈಗೆ ಬಂದ ನಗದು, ತೋರಿಸಿದ ಲಾಭದ ಹತ್ತಿರ ಇದೆಯಾ ನೋಡಿ. (ಬ್ಯಾಂಕುಗಳಿಗೆ ಈ ಲೆಕ್ಕ ಹೊಂದುವುದಿಲ್ಲ.) ಲಾಭ ಏರುತ್ತಿದ್ದು ನಗದು ಬರದಿದ್ದರೆ, ಗಿರಾಕಿಗಳ ಬಾಕಿ ಜಾಸ್ತಿಯಾಗುತ್ತಿದೆಯಾ ಹುಡುಕಿ. ಆಮೇಲೆ ಕಂಪನಿಯ ಸಾಲ ಎಷ್ಟು, ಪ್ರವರ್ತಕರು (ಕಂಪನಿಯ ಮುಖ್ಯ ಮಾಲೀಕರು) ಸಾಲಕ್ಕಾಗಿ ಅಡವಿಟ್ಟ ಷೇರು ಎಷ್ಟು ಅಂತ ನೋಡಿ. ಇಷ್ಟಾದ ಮೇಲೆ ಬೆಲೆ ನೋಡಿದರೆ ಸಾಕು.