ಎರಡೂ ಗೆರೆ ಆಯಿಯ ಹತ್ತಿರವೇ ಬಂದವು

ಬಾಗಲಕೋಟೆಯಲ್ಲಿ ನನ್ನ ಕೆಲಸ, ರಕ್ತದ ಕಾಯಿಲೆ ಇರುವ ಮಕ್ಕಳ ಮನೆಯವರ ಜೊತೆ ಕೂತು ಮಾತಾಡುವುದು. ಬಂದವರು ಮಗುವಿನ ಔಷಧದ ಬಗ್ಗೆ ಕೇಳುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ: "ಇದು ಯಾರ ಕಡಿಂದ ಬಂತ್ರಿ?" ಈ ಪ್ರಶ್ನೆಯಿಂದ ಎಷ್ಟು ಸೊಸೆಯಂದಿರು ತವರಿಗೆ ವಾಪಸ್ ಹೋಗಿದ್ದಾರೆ ಅಂತ ನೋಡಿದ್ದೇನೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಊರು, ವಯಸ್ಸು, ಕೆಲವು ವಿವರ ಬದಲಿಸಿದ್ದೇನೆ.

ಘಟಪ್ರಭಾ ದಂಡೆಯ ರೈತ ಕುಟುಂಬ. ಹುಡುಗಿಯನ್ನು ಸೋದರಮಾವನಿಗೇ ಕೊಟ್ಟಿದ್ದರು. ಚಿಕ್ಕಂದಿನಿಂದ "ಮಾಮಾ" ಅಂತ ಕರೆದವನೇ ಗಂಡ, "ಆಯಿ" (ಅಜ್ಜಿ) ಅಂತ ಕರೆದವಳೇ ಅತ್ತೆ. ನಾಲ್ಕು ವರ್ಷದ ಮಗನಿಗೆ ಥಲಸ್ಸೇಮಿಯಾ ಮೇಜರ್, ಅಂದರೆ ಮೈಯಲ್ಲಿ ಬೇಕಾದಷ್ಟು ಹಿಮೋಗ್ಲೋಬಿನ್ ತಯಾರಾಗದ, ವಂಶದಿಂದ ಬರುವ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಹಾಗೆ ಹಾಕಿದ ರಕ್ತದಿಂದ ಮೈಯಲ್ಲಿ ಕಬ್ಬಿಣ ಸೇರಿ ಹೃದಯ, ಲಿವರ್ ಕೆಡುತ್ತವೆ. ಅದನ್ನು ಹೊರಗೆ ಹಾಕಲು ದಿನಾ ಮಾತ್ರೆ.

ಮೊದಲ ದಿನ ಆಯಿ ಖಡಕ್ಕಾಗಿ ಹೇಳಿಬಿಟ್ಟರು. "ಇದು ಇಕಿ ಅಪ್ಪನ ಕಡಿಂದ ಬಂದದ್ರಿ. ನಮ್ಮ ಮನಿತನದಾಗ ಯಾರಿಗೂ ಇಂಥಾದ್ದಿಲ್ಲ." ಹುಡುಗಿ ತಲೆ ಎತ್ತಲಿಲ್ಲ.

ಗಂಡನಿಗೆ ಬೇರೆಯದೇ ಚಿಂತೆ. ಫೋನಿನಲ್ಲಿ ಏನೋ ನೋಡಿದ್ದ. "ಜೀನ್ ಕತ್ತರಿಸಿ ಸರಿ ಮಾಡ್ತಾರಂತಲ್ರಿ ಮೇಡಂ? ಎರಡು ಎಕರೆ ಕಬ್ಬಿನ ಹೊಲ ಐತಿ, ಮಾರ್ತೀನಿ."

ಅವನು ನೋಡಿದ್ದು ಸುಳ್ಳಲ್ಲ. 2023ರ ನವೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಕ್ಯಾಸ್‌ಜೆವಿ ಎಂಬ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ರೋಗಿಯ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಹೊರಗೆ ತೆಗೆದು, ಕ್ರಿಸ್ಪರ್ ಎಂಬ ಕತ್ತರಿಯಿಂದ ಬೇರೊಂದು ಜೀನಿನ ಒಂದು ಕಡೆ ಕತ್ತರಿಸುತ್ತಾರೆ. ಕೆಟ್ಟ ಜೀನ್ ಹಾಗೇ ಇರುತ್ತದೆ. ಆದರೆ ತಾಯಿಯ ಹೊಟ್ಟೆಯಲ್ಲಿದ್ದಾಗ ಮಗು ತಯಾರಿಸುತ್ತಿದ್ದ ಹಿಮೋಗ್ಲೋಬಿನ್ ಮತ್ತೆ ಶುರುವಾಗುತ್ತದೆ. ಎಷ್ಟು ಚೆಂದದ ಉಪಾಯ ಅಲ್ವಾ? ಆದರೆ ಒಪ್ಪಿಗೆ ಇದ್ದದ್ದು 12 ವರ್ಷ ದಾಟಿದವರಿಗೆ. ಕೋಶಗಳನ್ನು ವಾಪಸ್ ಹಾಕುವ ಮೊದಲು ಜೋರಾದ ಕೀಮೋ ಕೊಡಬೇಕು. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ಅವನ ಹೊಲ ಯಾವ ಮೂಲೆಗೂ ಸಾಲುವುದಿಲ್ಲ.

ಇನ್ನೊಂದು ಮಾತನ್ನೂ ಬಿಡಿಸಿ ಹೇಳಿದೆ. ಆ ಚಿಕಿತ್ಸೆ ಒಬ್ಬ ರೋಗಿಯ ರಕ್ತವನ್ನಷ್ಟೇ ಬದಲಿಸುತ್ತದೆ. ಇವರ ಮುಂದಿನ ಮಗುವಿಗೆ ಅದರಿಂದ ಏನೂ ಆಗುವುದಿಲ್ಲ. ಭ್ರೂಣದ ಜೀನನ್ನೇ ತಿದ್ದಿ ಮಕ್ಕಳು ಹುಟ್ಟುವಂತೆ ಮಾಡಿದೆ ಅಂತ 2018ರಲ್ಲಿ ಚೀನಾದ ವಿಜ್ಞಾನಿ ಹ ಜಿಯಾನ್‌ಕುಯ್ ಹೇಳಿಕೊಂಡ. ಮರುವರ್ಷ ಅಲ್ಲಿನ ಕೋರ್ಟು ಮೂರು ವರ್ಷ ಜೈಲು ಹಾಕಿತು. ನಮ್ಮ ದೇಶದಲ್ಲೂ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2019ರ ಮಾರ್ಗಸೂಚಿಯಲ್ಲಿ ಅದಕ್ಕೆ ಅವಕಾಶವಿಲ್ಲ. "ಹೊಲ ಮಾರಬೇಡ. ಅಸ್ಥಿಮಜ್ಜೆ ಕಸಿಗೆ ಕೋಲ್ ಇಂಡಿಯಾ ಹಣದಿಂದ ನಡೆಯುವ ಥಲಸ್ಸೇಮಿಯಾ ಬಾಲ ಸೇವಾ ಯೋಜನೆ ಇದೆ, 10 ಲಕ್ಷದವರೆಗೆ ಸಿಗುತ್ತದೆ. ಅದಕ್ಕೆ ಹೊಂದುವ ದಾನಿ ಇದ್ದಾರಾ ಮೊದಲು ನೋಡೋಣ" ಅಂದೆ.

ಎರಡನೇ ಭೇಟಿಗೆ ಹುಡುಗಿಯ ತಂದೆ ತಾಯಿಯ ರಕ್ತದ ರಿಪೋರ್ಟೂ ಬಂದಿತ್ತು. ತಂದೆಯದು ಸರಿಯಾಗಿತ್ತು. ತಾಯಿ ಮಾತ್ರ ಮೈನರ್, ಅಂದರೆ ವಾಹಕಿ. ಡಿಎನ್ಎ ಪರೀಕ್ಷೆಯಲ್ಲಿ ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷ ಕಂಡಿತ್ತು.

ಆಯಿಗೆ ಓದು ಬರುವುದಿಲ್ಲ. ಹಾಗಾಗಿ ಹಾಳೆಯ ಮೇಲೆ ವಂಶದ ನಕ್ಷೆ ಬರೆದೆ. ಹೆಂಗಸರಿಗೆ ದುಂಡು, ಗಂಡಸರಿಗೆ ಚೌಕ. ಕೆಳಗೆ ಮೊಮ್ಮಗ. ಅವನಿಂದ ಒಂದು ಗೆರೆ ಅಪ್ಪನಿಗೆ, ಅಲ್ಲಿಂದ ಮೇಲಕ್ಕೆ. ಇನ್ನೊಂದು ಗೆರೆ ಅವ್ವನಿಗೆ, ಅವಳ ತಾಯಿಗೆ, ಅಲ್ಲಿಂದ ಮೇಲಕ್ಕೆ. ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತವೆ, ಮಗುವಿಗೆ ಕೊಡುವುದು ಒಂದು ಮಾತ್ರ, ಒಂದು ಮಾತ್ರ ಕೆಟ್ಟಿದ್ದರೆ ಅದು ಮೈನರ್, ಮನುಷ್ಯ ಗಟ್ಟಿಯಾಗೇ ಇರುತ್ತಾನೆ, ಎರಡೂ ಕೆಟ್ಟದ್ದೇ ಬಂದರೆ ಮಾತ್ರ ಮೇಜರ್ ಅಂತ ಹೇಳುತ್ತಾ ಹೋದೆ.

ಆಯಿ ನನ್ನ ಮಾತು ಕೇಳುತ್ತಿರಲಿಲ್ಲ. ಬೆರಳಿಟ್ಟು ಗೆರೆ ಹಿಡಿದು ಮೇಲೆ ಹೋದರು. ಮತ್ತೆ ಕೆಳಗಿನಿಂದ ಇನ್ನೊಂದು ಗೆರೆ ಹಿಡಿದರು. ಬೆರಳು ಎರಡೂ ಸಲ ಒಂದೇ ಕಡೆ ನಿಂತಿತು.

"ಬಾಯಾರ, ಎರಡೂ ಗೆರಿ ನನ್ನ ಕಡೇನ ಬಂದಾವಲ್ರಿ?"

"ಹೌದು ಆಯಿ. ನಿಮ್ಮಿಂದ ಬಂದಿರಬಹುದು, ಇಲ್ಲಾ ತೀರಿಹೋದ ಯಜಮಾನರಿಂದ. ಇಬ್ಬರಲ್ಲಿ ಒಬ್ಬರಲ್ಲಿ ಇದ್ದ ಒಂದೇ ಪ್ರತಿ ಮಗಳಿಗೂ ಹೋಯಿತು, ಮಗನಿಗೂ ಹೋಯಿತು. ಮಗಳಿಂದ ಮೊಮ್ಮಗಳಿಗೆ. ಇವರಿಬ್ಬರ ಮದುವೆಯಿಂದ ಅದು ಈ ಕೂಸಿನಲ್ಲಿ ಎರಡಾಗಿ ಸೇರಿತು."

ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆಯಿ ಸೆರಗು ಸರಿಮಾಡಿಕೊಂಡು ತೋಳು ಮುಂದೆ ಚಾಚಿದರು. "ನಂದೂ ರಕ್ತಾ ತಗೀರಿ. ನಾಕು ವರ್ಷ ಈ ಹುಡುಗಿಗೆ ಬೈದೀನಿ."

ನಾನು ಬೇಡ ಅಂದೆ. ಈ ಸಲಹೆಗೆ ನನ್ನ ಜೊತೆ ಕೆಲಸ ಮಾಡುವವರೇ ಒಪ್ಪಲಿಲ್ಲ, ಹಾಗಾಗಿ ಕಾರಣ ಹೇಳುತ್ತೇನೆ. ಆ ವಯಸ್ಸಿನಲ್ಲಿ ಅವರಿಗೆ ಈ ಪರೀಕ್ಷೆಯಿಂದ ಯಾವ ಔಷಧವೂ ಬೇಕಾಗುವುದಿಲ್ಲ. ಸೊಸೆಯ ತಲೆ ಮೇಲಿದ್ದ ತಪ್ಪು ಈಗ ಮುದುಕಿಯ ತಲೆಗೆ ಹೋಗುತ್ತದೆ ಅಷ್ಟೇ. ಜೀನ್ ಯಾರೂ ಬೇಕಂತ ಕೊಡುವುದಲ್ಲ. ತಪ್ಪು ಯಾರದು ಎಂಬ ಹುಡುಕಾಟವೇ ನಿಲ್ಲಬೇಕು ಅಂತ ನಾನು ಈ ಕೆಲಸದಲ್ಲಿದ್ದೇನೆ. ಅದನ್ನು ಇನ್ನೊಂದು ತಲೆಮಾರು ಮೇಲಕ್ಕೆ ಸಾಗಿಸಲು ನನಗೆ ಮನಸ್ಸಿರಲಿಲ್ಲ.

ಅವರು ಕೇಳಿದ್ದು ಒಂದೇ. "ಸತ್ತವರ ಮ್ಯಾಲ ಹಾಕಿ ಸುಮ್ನ ಕುಂದ್ರಲೇನ್ರಿ?" ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಆ ದಿನ ಉಳಿದ ಸಲಹೆ ಹೀಗಿತ್ತು. ಮುಂದಿನ ಪ್ರತಿ ಬಸಿರಿನಲ್ಲೂ ಮಗುವಿಗೆ ಮೇಜರ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ಮಗುವಿಗೆ ಬಂತು, ಇನ್ನು ಮೂರಕ್ಕೆ ಬರಲ್ಲ ಅಂತ ಲೆಕ್ಕ ಹಾಕಬಾರದು. ಬಸಿರು ನಿಂತರೆ ತಡಮಾಡದೆ ಬನ್ನಿ, ಹೊಟ್ಟೆಯಲ್ಲಿರುವ ಮಗುವಿಗೂ ಇದೆಯಾ ಅಂತ 11ನೇ ವಾರದ ಹೊತ್ತಿಗೆ ಪರೀಕ್ಷೆ ಮಾಡಿಸಬಹುದು. ನೋಂದಾಯಿತ ಕೇಂದ್ರದಲ್ಲಿ ಇದಕ್ಕೆ ಕಾನೂನಿನ ಅಡ್ಡಿಯಿಲ್ಲ, ಗಂಡೋ ಹೆಣ್ಣೋ ಅಂತ ಮಾತ್ರ ಹೇಳುವಂತಿಲ್ಲ. ಆಮೇಲಿನ ತೀರ್ಮಾನ ಗಂಡ ಹೆಂಡತಿಯದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ ಸೇರಿದೆ, ಮಗನಿಗೆ ಕಾರ್ಡ್ ಮಾಡಿಸಿ.

ಅದೇ ಮನೆಯಲ್ಲಿ ಹುಡುಗಿಯ ತಂಗಿಗೆ ಇನ್ನೊಬ್ಬ ಮಾವನ ಮಗನ ಜೊತೆ ಮಾತುಕತೆ ನಡೆದಿತ್ತು. ಸಂಬಂಧದಲ್ಲಿ ಕೊಡಲೇಬೇಡಿ ಅಂತ ಖಡಾಖಂಡಿತ ಯಾಕೆ ಹೇಳಲ್ಲ ಅಂತ ನನ್ನನ್ನು ಕೇಳುತ್ತಾರೆ. ಸೋದರಮಾವ ಮತ್ತು ಸೊಸೆಗೆ ಕಾಲುಭಾಗ ಜೀನುಗಳು ಒಂದೇ, ಅತ್ತೆ ಮಾವನ ಮಕ್ಕಳಿಗೆ ಎಂಟರಲ್ಲಿ ಒಂದು ಭಾಗ. ಅಪಾಯ ಹೆಚ್ಚು ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಆದರೆ "ಬೇಡ" ಅಂದ ತಕ್ಷಣ ಜನ ಎದ್ದು ಹೋಗುತ್ತಾರೆ, ಮದುವೆ ನಡೆದೇ ನಡೆಯುತ್ತದೆ, ರಕ್ತ ಪರೀಕ್ಷೆ ಮಾತ್ರ ಆಗುವುದಿಲ್ಲ. ಸಂಬಂಧದ ಹೊರಗೆ ಮದುವೆಯಾದರೂ ಇಬ್ಬರೂ ಮೈನರ್ ಇದ್ದರೆ ಅದೇ ನಾಲ್ಕರಲ್ಲಿ ಒಂದು. ಅದಕ್ಕೇ ನಿಶ್ಚಿತಾರ್ಥಕ್ಕೆ ಮೊದಲು ಇಬ್ಬರದೂ ಎಚ್‌ಬಿ ಎ2 ಪರೀಕ್ಷೆ ಮಾಡಿಸಿ ಅನ್ನುತ್ತೇನೆ. ಎ2 ಅಂದರೆ ರಕ್ತದಲ್ಲಿ ಸ್ವಲ್ಪವೇ ಇರುವ ಒಂದು ಬಗೆಯ ಹಿಮೋಗ್ಲೋಬಿನ್. ಅದು ಮೂರೂವರೆ ಪರ್ಸೆಂಟ್‌ಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಮೈನರ್. ತಂಗಿಗೂ ಆ ಹುಡುಗನಿಗೂ ಮಾಡಿಸಲು ಒಪ್ಪಿದರು.

ಒಂದು ತಿಂಗಳಾದ ಮೇಲೆ ಆಯಿ ಬಂದರು. ಬೇರೆ ಕಡೆ ತಾವೇ ಹೋಗಿ ರಕ್ತ ಕೊಟ್ಟಿದ್ದರು. ರಿಪೋರ್ಟನ್ನು ನನ್ನ ಕೈಗಿಟ್ಟು, ಮಗ ಸೊಸೆಯನ್ನು ಒಳಗೆ ಕರೆದು, "ಇವರ ಮುಂದ ಓದ್ರಿ" ಅಂದರು. ಎಚ್‌ಬಿ ಎ2 ಐದು ಪರ್ಸೆಂಟ್ ದಾಟಿತ್ತು. ಓದಿದೆ. ಹುಡುಗಿ ಅಳುತ್ತಾ ಆಯಿಯ ಕೈ ಹಿಡಿದುಕೊಂಡಳು.

ಆಯಿ ಅಳಲಿಲ್ಲ. ಬೆರಳು ಮಡಚುತ್ತಾ ತಮ್ಮ ತವರುಮನೆಯ ಮದುವೆಯಾಗದ ಹುಡುಗ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಎಣಿಸಿದರು. ಹನ್ನೊಂದು ಮಂದಿ. "ಯಾವಾಗ ಕರ್ಕೊಂಡು ಬರಲ್ರಿ?" ಅಂತ ಕೇಳಿದರು. ಮುಂದಿನ ಸೋಮವಾರ ಆರು ಮಂದಿ ಬಂದರು.