ವಿಮೆ ಇದೆ, ಮಗುವಿನ ಕೈಗೆ ಕಾರ್ಡ್ ಯಾಕೆ ಬರುತ್ತಿಲ್ಲ?

ಅಮೆರಿಕದ ಮಕ್ಕಳ ಆರೋಗ್ಯ ವಿಮೆ ಬಗ್ಗೆ ಈ ಸಲ ಮೂರು ಪ್ರಶ್ನೆಗಳು ಬಂದಿವೆ. ಮೂರೂ ಒಂದಕ್ಕೊಂದು ಹೊಂದಿಕೊಂಡಿವೆ. ಹಾಗಾಗಿ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು ಸಮಾಜಕಾರ್ಯದ ವಿದ್ಯಾರ್ಥಿನಿ. ಅಮೆರಿಕದಲ್ಲಿ ಬಡ ಮಕ್ಕಳಿಗೆ ಸರ್ಕಾರದ ವಿಮೆ ಇದೆ ಎಂದು ಓದಿದ್ದೇನೆ. ಲಕ್ಷಾಂತರ ಮಕ್ಕಳಿಗೆ ವಿಮೆಯೇ ಇಲ್ಲ ಎಂದೂ ಓದುತ್ತೇನೆ. ಎರಡೂ ಹೇಗೆ ನಿಜ? ಯೋಜನೆ ನಡೆಸುವುದು ರಾಜ್ಯ ಸರ್ಕಾರ. ಹಾಗಿದ್ದರೆ ಇದರಲ್ಲಿ ನಗರಸಭೆಗೆ, ನಮ್ಮ ಜಿಲ್ಲೆಯಂಥ ಕೌಂಟಿಗಳಿಗೆ ಏನು ಕೆಲಸ?

ಎರಡೂ ನಿಜವೇ. ಕಡಿಮೆ ಆದಾಯದವರಿಗೆ ಮೆಡಿಕೇಡ್ ಎಂಬ ಸರ್ಕಾರಿ ವಿಮೆ 1965ರಲ್ಲಿ ಬಂತು. ಮೆಡಿಕೇಡ್ ಮಿತಿಗಿಂತ ಸ್ವಲ್ಪ ಜಾಸ್ತಿ ದುಡಿಯುವ, ಆದರೆ ಖಾಸಗಿ ವಿಮೆ ಕೊಳ್ಳುವಷ್ಟು ಶಕ್ತಿ ಇಲ್ಲದ ಮನೆಗಳ ಮಕ್ಕಳು ಆಗ ಹೊರಗೇ ಉಳಿದರು. ಅವರಿಗೆಂದು 1997ರಲ್ಲಿ ಚಿಪ್ ಎಂಬ ಯೋಜನೆ ಬಂತು. ಖರ್ಚನ್ನು ಕೇಂದ್ರ ಮತ್ತು ರಾಜ್ಯಗಳು ಹಂಚಿಕೊಳ್ಳುತ್ತವೆ. 1997ರಲ್ಲಿ ನೂರಕ್ಕೆ ಸುಮಾರು 14 ಮಕ್ಕಳಿಗೆ ವಿಮೆ ಇರಲಿಲ್ಲ. 2016ರ ಹೊತ್ತಿಗೆ ಅದು ನೂರಕ್ಕೆ 5ಕ್ಕಿಂತ ಕೆಳಗೆ ಇಳಿದಿತ್ತು. ಆಮೇಲೆ ಮತ್ತೆ ಏರಿದೆ.

ಇನ್ನೂ ಹೊರಗಿರುವ ಈ ಮಕ್ಕಳು ಯಾರು ಅನ್ನುವುದೇ ಇಲ್ಲಿ ಮುಖ್ಯ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೆಡಿಕೇಡ್ ಅಥವಾ ಚಿಪ್‌ಗೆ ಈಗಾಗಲೇ ಅರ್ಹರು. ಕಾನೂನು ಅವರಿಗೆ ವಿಮೆ ಕೊಟ್ಟಾಗಿದೆ, ಕಾರ್ಡ್ ಮಾತ್ರ ಮನೆಗೆ ಬಂದಿಲ್ಲ.

ಯಾಕೆ ಬಂದಿಲ್ಲ? ಮೊದಲು ಹೆಸರಿನ ಗೊಂದಲ. ಈ ವಿಮೆಗಳಿಗೆ ರಾಜ್ಯಕ್ಕೊಂದು ಹೆಸರು. ಕ್ಯಾಲಿಫೋರ್ನಿಯಾದಲ್ಲಿ ಮೆಡಿ-ಕ್ಯಾಲ್, ಜಾರ್ಜಿಯಾದಲ್ಲಿ ಪೀಚ್‌ಕೇರ್ ಫಾರ್ ಕಿಡ್ಸ್, ನ್ಯೂಯಾರ್ಕ್‌ನಲ್ಲಿ ಚೈಲ್ಡ್ ಹೆಲ್ತ್ ಪ್ಲಸ್, ಫ್ಲೋರಿಡಾದಲ್ಲಿ ಕಿಡ್‌ಕೇರ್. ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಿಸಿದವರಿಗೆ, ತಾವು ಹಿಂದೆ ಪಡೆದಿದ್ದ ವಿಮೆಯೇ ಇಲ್ಲೂ ಬೇರೆ ಹೆಸರಲ್ಲಿ ಇದೆ ಎಂದು ತಿಳಿಯುವುದಿಲ್ಲ. ಕೆಲಸ ಇರುವವರು 'ಅದು ನಮ್ಮಂಥವರಿಗಲ್ಲ' ಎಂದುಕೊಂಡು ಅರ್ಜಿಯನ್ನೇ ಹಾಕುವುದಿಲ್ಲ. ಚಿಪ್ ಮಾಡಿದ್ದೇ ದುಡಿಯುವವರ ಮಕ್ಕಳಿಗಾಗಿ!

ಎರಡನೆಯದು ಕಾಗದ. ಇದೇ ದೊಡ್ಡದು. ಒಂದು ಮನೆ ಊಹಿಸಿಕೊಳ್ಳಿ. ಬಾಡಿಗೆ ಏರಿತು ಎಂದು ಅವರು ಬೇರೆ ಮನೆಗೆ ಹೋಗಿದ್ದಾರೆ. ಈ ತಿಂಗಳ ಪೇ ಸ್ಲಿಪ್ ಕಳಿಸಿ ಎಂದು ರಾಜ್ಯದ ಕಚೇರಿಯಿಂದ ಪತ್ರ ಬರುತ್ತದೆ, ಅದೂ ಹಳೇ ವಿಳಾಸಕ್ಕೆ. ಗಡುವು ಮುಗಿಯುತ್ತದೆ. ವಿಮೆ ನಿಂತು ಹೋಗುತ್ತದೆ. ತಾಯಿಗೆ ಗೊತ್ತಾಗುವುದು ಮಗುವಿನ ಉಬ್ಬಸಕ್ಕೆ ಇನ್ಹೇಲರ್ ತರಲು ಹೋದಾಗ, ಔಷಧಿ ಅಂಗಡಿಯವರು 'ಈ ಕಾರ್ಡ್ ನಡೆಯುತ್ತಿಲ್ಲ' ಎಂದಾಗ. ಆ ಮಗುವಿನ ಅರ್ಹತೆಯಲ್ಲಿ ಏನೂ ಬದಲಾಗಿರಲಿಲ್ಲ.

ಇದು ಎಲ್ಲೋ ಒಂದೆರಡು ಮನೆಯ ಕಥೆ ಅಲ್ಲ. ಕೋವಿಡ್ ಕಾಲದಲ್ಲಿ ಯಾರನ್ನೂ ಮೆಡಿಕೇಡ್‌ನಿಂದ ತೆಗೆಯಬಾರದು ಎಂಬ ನಿಯಮ ಇತ್ತು. 2023ರ ಏಪ್ರಿಲ್‌ನಿಂದ ಅದು ಸಡಿಲವಾಯಿತು. ಆಮೇಲಿನ ಒಂದು ವರ್ಷ ಚಿಲ್ಲರೆಯಲ್ಲಿ 2.5 ಕೋಟಿಗೂ ಹೆಚ್ಚು ಜನ ಪಟ್ಟಿಯಿಂದ ಹೊರಬಿದ್ದರು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರನ್ನು ತೆಗೆದದ್ದು ಫಾರಂ ಬಂದಿಲ್ಲ, ದಾಖಲೆ ಸಾಲದು ಎಂಬಂಥ ಕಾರಣಕ್ಕೆ. ಆದಾಯ ಜಾಸ್ತಿ ಇದೆ ಎಂದು ಖಚಿತವಾಗಿ ತೆಗೆದದ್ದಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ರಾಜ್ಯದ ಕಚೇರಿಗೆ ಕಾಣುವುದು ಅರ್ಜಿ. ಊರಿನ ಆಡಳಿತಕ್ಕೆ ಕಾಣುವುದು ಮಗು. ಶಾಲೆಗೆ ಸೇರುವಾಗ, ಲೈಬ್ರರಿಯಲ್ಲಿ, ಲಸಿಕೆ ಹಾಕಿಸುವಲ್ಲಿ, ಬೇಸಿಗೆ ಶಿಬಿರದಲ್ಲಿ ಮಗು ಅವರ ಕಣ್ಣೆದುರೇ ಇರುತ್ತದೆ.

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿ 2001ರ ಜನವರಿಯಲ್ಲಿ ಮಾಡಿದ ಕೆಲಸವನ್ನು ನೀವು ವಿವರವಾಗಿ ಓದಬೇಕು. ಬಡತನ ರೇಖೆಯ ಮೂರು ಪಟ್ಟು ಆದಾಯದವರೆಗೆ ಎಲ್ಲ ಮಕ್ಕಳಿಗೂ ವಿಮೆ ಕೊಡುತ್ತೇವೆ, ವಲಸೆಯ ಕಾಗದ ಇರಲಿ ಇಲ್ಲದಿರಲಿ ಎಂದು ಕೌಂಟಿ ಹೇಳಿತು. ಸರ್ಕಾರಿ ಯೋಜನೆಗಳಿಗೆ ಅರ್ಹರಲ್ಲದ ಮಕ್ಕಳಿಗಾಗಿ 'ಹೆಲ್ತಿ ಕಿಡ್ಸ್' ಎಂಬ ತನ್ನದೇ ವಿಮೆ ತಂದಿತು. ತಂಬಾಕು ಕಂಪನಿಗಳ ಜೊತೆ 1998ರಲ್ಲಿ ಆದ ಒಪ್ಪಂದದಿಂದ ಬಂದ ಹಣವೂ ಇದಕ್ಕೆ ಸೇರಿತು. ನನಗೆ ತುಂಬಾ ಹಿಡಿಸುವ ವಿಷಯ ಬೇರೆ ಇದೆ. 'ಯಾವ ಮಗುವಾದರೂ ಬರಲಿ' ಎಂದು ಒಂದೇ ಬಾಗಿಲು ಇಟ್ಟಿದ್ದರಿಂದ, ಮೊದಲಿಂದಲೂ ಮೆಡಿ-ಕ್ಯಾಲ್‌ಗೆ ಅರ್ಹರಾಗಿದ್ದು ದೂರ ಉಳಿದಿದ್ದ ಮಕ್ಕಳೂ ಬಂದು ಸೇರಿದರು. 'ನಿನ್ನ ಮಗು ಅರ್ಹ ಅಲ್ಲ' ಎಂದು ಕೇಳಿಸಿಕೊಳ್ಳುವ ಭಯ ಆ ಬಾಗಿಲಲ್ಲಿ ಇರಲಿಲ್ಲ. ಬೇರೆ ಕೌಂಟಿಗಳೂ ಇದೇ ದಾರಿ ಹಿಡಿದವು. 2016ರ ಮೇ ತಿಂಗಳಲ್ಲಿ ಇಡೀ ರಾಜ್ಯವೇ, ವಲಸೆಯ ಕಾಗದ ನೋಡದೆ, ಅರ್ಹ ಆದಾಯದ ಮನೆಗಳ 19 ವರ್ಷದೊಳಗಿನ ಮಕ್ಕಳಿಗೆ ಪೂರ್ತಿ ಮೆಡಿ-ಕ್ಯಾಲ್ ಕೊಡಲು ಶುರು ಮಾಡಿತು.

ಪ್ರಶ್ನೆ: ನಾನು ಅಮೆರಿಕದ ಒಂದು ಮಧ್ಯಮ ಗಾತ್ರದ ಊರಿನಲ್ಲಿದ್ದೇನೆ. ನಮ್ಮ ಸಿಟಿಯ ಆರೋಗ್ಯ ಸಮಿತಿಯಲ್ಲಿ ಸ್ವಯಂಸೇವಕಿ. ಮಕ್ಕಳ ವಿಮೆ ಬಗ್ಗೆ ಸಾವಿರಾರು ಕರಪತ್ರ ಹಂಚಿದೆವು, ಜಾತ್ರೆಯಂಥ ಕಡೆ ಮೇಜು ಹಾಕಿ ಕೂತೆವು. ಅರ್ಜಿ ಹಾಕಿದವರು ಬೆರಳೆಣಿಕೆಯಷ್ಟು. ಎಲ್ಲಿ ತಪ್ಪುತ್ತಿದ್ದೇವೆ?

ಮೊದಲು, ಇಷ್ಟು ಮಾಡಿದ್ದಕ್ಕೆ ನಿಮಗೆ ವಂದನೆ. ಆದರೆ ಕರಪತ್ರ ಸುದ್ದಿ ಮುಟ್ಟಿಸುತ್ತದೆ, ಅಷ್ಟೇ. ಈ ಮನೆಗಳಿಗೆ ಬೇಕಾದದ್ದು ಸುದ್ದಿಗಿಂತ ಜಾಸ್ತಿ, ಪಕ್ಕದಲ್ಲಿ ಕೂತು ಕೊನೆವರೆಗೆ ಜೊತೆ ಇರುವ ಒಬ್ಬ ಮನುಷ್ಯ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ವಿಮೆ ಇಲ್ಲದ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳ ಮೇಲೆ ಬೋಸ್ಟನ್‌ನಲ್ಲಿ ಒಂದು ಅಧ್ಯಯನ ನಡೆಯಿತು, 2005ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿದಂತೆ ಮನೆಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತರಬೇತಿ ಪಡೆದ, ಸ್ಪ್ಯಾನಿಷ್ ಬಲ್ಲ ಕಾರ್ಯಕರ್ತರ ನೆರವು. ಇನ್ನೊಂದಕ್ಕೆ ಎಂದಿನ ಪ್ರಚಾರ ಮಾತ್ರ. ನೆರವು ಸಿಕ್ಕ ಗುಂಪಿನಲ್ಲಿ ನೂರಕ್ಕೆ 96 ಮಕ್ಕಳು ವಿಮೆ ಪಡೆದರು, ಇನ್ನೊಂದರಲ್ಲಿ 57. ಮುಂದೆ ಡಲ್ಲಾಸ್‌ನಲ್ಲಿ ಇದನ್ನೇ ಇನ್ನೊಂದು ಬಗೆಯಲ್ಲಿ ಮಾಡಿದರು. ಈ ಸಲ ನೆರವಿಗೆ ನಿಂತವರು ತಂದೆತಾಯಿಯರೇ. ತಮ್ಮ ಮಗುವಿಗೆ ಇದೇ ವಿಮೆ ಮಾಡಿಸಿ, ಅದರ ಕಷ್ಟ ಉಂಡವರು. ಅವರಿಗೆ ತರಬೇತಿ ಕೊಟ್ಟರು, ಕೆಲಸಕ್ಕೆ ದುಡ್ಡನ್ನೂ ಕೊಟ್ಟರು. 2016ರಲ್ಲಿ ಬಂದ ಫಲಿತಾಂಶ: ನೆರವು ಸಿಕ್ಕ ಗುಂಪಿನಲ್ಲಿ ನೂರಕ್ಕೆ 95, ಇನ್ನೊಂದರಲ್ಲಿ 68.

ಆ ತಂದೆತಾಯಿಯರು ಮಾಡಿದ್ದು ದೊಡ್ಡ ವಿದ್ಯೆ ಏನಲ್ಲ. ಅರ್ಜಿಯನ್ನು ಜೊತೆಗೆ ಕೂತು ತುಂಬಿದರು. ಕಳಿಸಿದ ಮೇಲೆ ಏನಾಯಿತು ಎಂದು ಕಚೇರಿಗೆ ಫೋನ್ ಮಾಡಿ ವಿಚಾರಿಸಿದರು. ತಿರಸ್ಕಾರ ಆದರೆ ಯಾಕೆ ಎಂದು ಕೇಳಿ ಸರಿಪಡಿಸಿದರು. ವಿಮೆ ಬಂದ ಮೇಲೆ ಡಾಕ್ಟರನ್ನು ಹುಡುಕಲೂ ಸಹಾಯ ಮಾಡಿದರು. ನಿಮ್ಮ ಸಮಿತಿಯ ಕರಪತ್ರದ ಹಣದಲ್ಲಿ ಇಂಥ ಇಬ್ಬರಿಗೆ ಅರೆಕಾಲಿಕ ಸಂಬಳ ಕೊಡಲು ಸಾಧ್ಯವಾದರೆ ದಯವಿಟ್ಟು ಅದನ್ನೇ ಮಾಡಿ. ಪುಕ್ಕಟೆ ಮಾಡಿಸಬೇಡಿ. ಸಂಜೆ, ಭಾನುವಾರ ಎಲ್ಲ ಓಡಾಡುವ ಕೆಲಸ ಇದು.

ಇನ್ನು ಎಲ್ಲಿ, ಯಾವಾಗ? ಶಾಲೆಗೆ ಸೇರಿಸುವ ವಾರಗಳು ಎಲ್ಲಕ್ಕಿಂತ ಒಳ್ಳೆಯ ಸಮಯ. ಹೇಗೂ ವಿಳಾಸದ ದಾಖಲೆ, ಜನನ ಪತ್ರ ಹಿಡಿದೇ ಬಂದಿರುತ್ತಾರೆ. ಶಾಲೆಯ ಫಾರಂನಲ್ಲಿ 'ಮಗುವಿಗೆ ಆರೋಗ್ಯ ವಿಮೆ ಇದೆಯೇ? ನಾವು ಫೋನ್ ಮಾಡಬಹುದೇ?' ಎಂಬ ಎರಡು ಸಾಲು ಸೇರಿಸಲು ಶಾಲಾ ಮಂಡಳಿಯನ್ನು ಒಪ್ಪಿಸಿ. 'ಇಲ್ಲ' ಎಂದವರಿಗೆ ಅದೇ ವಾರ ಫೋನ್ ಹೋಗಬೇಕು. ಇನ್ನೊಂದು ವಿಷಯ: ಖಾಸಗಿ ವಿಮೆಗೆ ಇರುವಂತೆ ಮೆಡಿಕೇಡ್, ಚಿಪ್‌ಗೆ ವರ್ಷಕ್ಕೊಂದು ಅರ್ಜಿ ಕಾಲ ಅಂತ ಇಲ್ಲ. ಯಾವ ತಿಂಗಳಲ್ಲಾದರೂ ಹಾಕಬಹುದು. ಎಷ್ಟೋ ಮನೆಯವರು 'ಈ ಸಲದ ಗಡುವು ಮುಗಿಯಿತಲ್ಲ' ಎಂದು ಸುಮ್ನೆ ಕೂತಿರುತ್ತಾರೆ.

ಮೊದಲ ಹುಟ್ಟುಹಬ್ಬದ ಮೇಲೂ ಒಂದು ಕಣ್ಣಿಡಿ. ಮೆಡಿಕೇಡ್ ಇರುವ ತಾಯಿಗೆ ಹುಟ್ಟಿದ ಮಗುವಿಗೆ ಬೇರೆ ಅರ್ಜಿ ಇಲ್ಲದೆಯೇ ಒಂದು ವರ್ಷದವರೆಗೆ ವಿಮೆ ಸಿಗುತ್ತದೆ. ವರ್ಷ ತುಂಬುವಾಗ ನವೀಕರಣ ಬರುತ್ತದೆ, ಪುಟ್ಟ ಮಗು ಸಾಕುವ ಗಡಿಬಿಡಿಯಲ್ಲಿ ತಪ್ಪಿ ಹೋಗುತ್ತದೆ. ಲಸಿಕೆಗೆ ಬಂದ ತಾಯಿಗೆ ಹತ್ತನೇ ತಿಂಗಳಲ್ಲೇ ನೆನಪಿಸಿದರೆ ಆ ಮಗು ಉಳಿದುಕೊಳ್ಳುತ್ತದೆ.

ನವೀಕರಣವನ್ನು ನೀವು ಹೊಸ ಅರ್ಜಿಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. 2024ರ ಜನವರಿ 1ರಿಂದ, ಒಮ್ಮೆ ಸೇರಿದ ಮಗುವಿಗೆ 12 ತಿಂಗಳು ವಿಮೆ ಮುಂದುವರಿಯಬೇಕು ಎಂಬ ನಿಯಮ ಎಲ್ಲ ರಾಜ್ಯಗಳಿಗೂ ಬಂದಿದೆ. ನಡುವೆ ಅಪ್ಪನಿಗೆ ಎರಡು ತಿಂಗಳು ಓವರ್‌ಟೈಮ್ ಸಿಕ್ಕಿತು ಎಂದು ವಿಮೆ ತೆಗೆಯುವಂತಿಲ್ಲ. ಆದರೆ ಹದಿಮೂರನೇ ತಿಂಗಳು ಬಂದೇ ಬರುತ್ತದೆ, ಅಲ್ವಾ? ಮನೆ ಬದಲಿಸಿದವರು ವಿಳಾಸ ಬದಲಿಸಿದ್ದಾರೆಯೇ ಎಂದು ಕೇಳುವುದು ಲೈಬ್ರರಿ ಕಾರ್ಡ್ ಕೊಡುವವರಿಗೂ ಸಾಧ್ಯ, ನೀರಿನ ಬಿಲ್ ಕಟ್ಟಿಸಿಕೊಳ್ಳುವವರಿಗೂ ಸಾಧ್ಯ.

ಜೊತೆಗೆ ನಿಮ್ಮ ರಾಜ್ಯದವರನ್ನು ಒಂದು ಮಾತು ಕೇಳಿ. ಒಂದು ಇಲಾಖೆಗೆ ಗೊತ್ತಿರುವ ಆದಾಯವನ್ನು ಇನ್ನೊಂದು ಇಲಾಖೆ ಮತ್ತೆ ಯಾಕೆ ಕೇಳಬೇಕು? ಒಂದು ಇಲಾಖೆಯ ದಾಖಲೆಯನ್ನೇ ಇನ್ನೊಂದು ಬಳಸುವ ಈ ಹತ್ತಿರದ ದಾರಿಗೆ ಚಿಪ್ ಬಗೆಗಿನ 2009ರ ಕಾನೂನು ಅನುಮತಿ ಕೊಟ್ಟಿದೆ, ಎಕ್ಸ್‌ಪ್ರೆಸ್ ಲೇನ್ ಎನ್ನುತ್ತಾರೆ. ಲೂಸಿಯಾನಾ ರಾಜ್ಯ 2010ರಲ್ಲಿ ಆಹಾರ ನೆರವಿನ ದಾಖಲೆ ನೋಡಿ, ಮೊದಲ ಕಂತಿನಲ್ಲೇ 10,000ಕ್ಕೂ ಹೆಚ್ಚು ಮಕ್ಕಳನ್ನು ಮೆಡಿಕೇಡ್‌ಗೆ ಸೇರಿಸಿತು. ಸಿಟಿ ಕೌನ್ಸಿಲ್ ಇದನ್ನು ತಾನೇ ಮಾಡಲಾಗದು. ಒತ್ತಾಯಿಸಿ ಪತ್ರ ಬರೆಯಬಹುದು, ರಾಜ್ಯದ ಸಭೆಗೆ ಹೋಗಿ ಮಾತಾಡಬಹುದು.

ವರ್ಷದ ಕೊನೆಗೆ ಎಷ್ಟು ಕರಪತ್ರ ಹಂಚಿದಿರಿ ಎಂದು ಬರೆಯಬೇಡಿ. ನೀವು ಭೇಟಿಯಾದ ಮಕ್ಕಳಲ್ಲಿ ಎಷ್ಟು ಮಂದಿಗೆ ಒಂದು ವರ್ಷ ಆದ ಮೇಲೂ ವಿಮೆ ಇದೆ ಎಂದು ಬರೆಯಿರಿ.

ಪ್ರಶ್ನೆ: ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಆಯಿತು. ಈಗ ಕೆಲಸ ಹೋಗಿದೆ, ವಿಮೆಯೂ ಹೋಗಿದೆ. ದೊಡ್ಡ ಮಗಳಿಗೆ ನಮ್ಮ ಜೊತೆಗೇ ಗ್ರೀನ್ ಕಾರ್ಡ್ ಆಯಿತು, ಚಿಕ್ಕವನು ಇಲ್ಲೇ ಹುಟ್ಟಿದ್ದು. ಗ್ರೀನ್ ಕಾರ್ಡ್ ಬಂದ ಮೇಲೆ ಸರ್ಕಾರಿ ವಿಮೆಗೆ ಐದು ವರ್ಷ ಕಾಯಬೇಕು ಎನ್ನುತ್ತಾರೆ. ಅರ್ಜಿ ಹಾಕಿದರೆ ಮುಂದೆ ಪೌರತ್ವಕ್ಕೆ ತೊಂದರೆಯೇ?

ಚಿಕ್ಕವನು ಅಮೆರಿಕದ ಪ್ರಜೆ. ಅವನಿಗೆ ಐದು ವರ್ಷದ ಮಾತೇ ಬರುವುದಿಲ್ಲ. ಆದಾಯ ಮಿತಿಯೊಳಗೆ ಇದ್ದರೆ ಇವತ್ತೇ ಅರ್ಜಿ ಹಾಕಿ. ಮಗಳ ವಿಷಯ ರಾಜ್ಯದ ಮೇಲೆ ನಿಂತಿದೆ. ಕಾನೂನುಬದ್ಧವಾಗಿ ನೆಲೆಸಿರುವ ಮಕ್ಕಳಿಗೆ ಐದು ವರ್ಷ ಕಾಯಿಸದೆ ವಿಮೆ ಕೊಡುವ ಅವಕಾಶವನ್ನು 2009ರ ಕಾನೂನೇ ರಾಜ್ಯಗಳಿಗೆ ಕೊಟ್ಟಿತು. ಹೆಚ್ಚಿನ ರಾಜ್ಯಗಳು ಅದನ್ನು ಬಳಸಿಕೊಂಡಿವೆ. ಹಾಗಾಗಿ ಯಾರೋ ಹೇಳಿದರು ಎಂದು ಕೈಬಿಡಬೇಡಿ, ನಿಮ್ಮ ರಾಜ್ಯದಲ್ಲಿ ಕೇಳಿ. ಅರ್ಜಿಯಲ್ಲಿ ಇಬ್ಬರು ಮಕ್ಕಳಿಗೆ ಮಾತ್ರ ವಿಮೆ ಕೇಳಬಹುದು. ಆಗ ವಿಮೆ ಬೇಡದ ನಿಮ್ಮ ವಲಸೆ ವಿವರ ಕೊಡಬೇಕಿಲ್ಲ. ಮನೆಯ ಆದಾಯ ಮಾತ್ರ ತಿಳಿಸಬೇಕು.

ಪೌರತ್ವದ ಭಯ ಸಹಜ. ಸರ್ಕಾರಕ್ಕೆ ಹೊರೆ ಆಗುತ್ತಾರೆಯೇ ಎಂದು ನೋಡುವ 'ಪಬ್ಲಿಕ್ ಚಾರ್ಜ್' ಪರೀಕ್ಷೆ ಗ್ರೀನ್ ಕಾರ್ಡ್ ಕೊಡುವ ಹಂತದಲ್ಲಿ ಬರುತ್ತದೆ. ಗ್ರೀನ್ ಕಾರ್ಡ್ ಇರುವವರು ಪೌರತ್ವಕ್ಕೆ ಅರ್ಜಿ ಹಾಕುವಾಗ ಆ ಪರೀಕ್ಷೆ ಇಲ್ಲ. ಆದರೆ ಮನೆಯಲ್ಲಿ ಇನ್ನೂ ಗ್ರೀನ್ ಕಾರ್ಡ್ ಆಗಬೇಕಾದವರು ಇದ್ದರೆ ನಾನು ಸುಮ್ನೆ ಧೈರ್ಯ ಹೇಳಲಾರೆ. 2025ರಲ್ಲಿ ಮೆಡಿಕೇಡ್ ಮಾಹಿತಿಯನ್ನು ವಲಸೆ ವಿಭಾಗದವರಿಗೆ ಕೊಟ್ಟ ಸುದ್ದಿ ಬಂದ ಮೇಲೆ ಜನ ಹೆದರಿದ್ದರಲ್ಲಿ ಅರ್ಥ ಇದೆ. ಅಂಥವರು ಮೊದಲು ವಲಸೆ ವಕೀಲರನ್ನು ಕೇಳಲಿ. ಎಷ್ಟೋ ಊರುಗಳಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ.

ಕೆಲಸ ಹೋದ ದಿನಾಂಕದ ಪತ್ರ, ಕೊನೆಯ ಪೇ ಸ್ಲಿಪ್, ಮಕ್ಕಳ ಜನನ ಪತ್ರ ಮತ್ತು ಮಗಳ ಗ್ರೀನ್ ಕಾರ್ಡ್ ಪ್ರತಿ ಒಂದೇ ಕಡೆ ಇಟ್ಟುಕೊಳ್ಳಿ. ಕೇಂದ್ರ ಸರ್ಕಾರದ 'ಇನ್ಶೂರ್ ಕಿಡ್ಸ್ ನೌ' ಜಾಲತಾಣದಲ್ಲಿ ನಿಮ್ಮ ರಾಜ್ಯದ ಹೆಸರು ಒತ್ತಿದರೆ ಅಲ್ಲಿನ ಯೋಜನೆಯ ಹೆಸರು, ಅರ್ಜಿಯ ದಾರಿ ಸಿಗುತ್ತದೆ. ಮಗಳಿಗೆ ಈ ನಡುವೆ ಕೆಮ್ಮು, ಜ್ವರ, ಹಲ್ಲುನೋವು ಏನೇ ಆದರೂ ಆಸ್ಪತ್ರೆಯ ಬಿಲ್‌ಗಳನ್ನು ಎಸೆಯಬೇಡಿ. ಅರ್ಜಿಗೆ ಹಿಂದಿನ ಕೆಲವು ವಾರಗಳ ಖರ್ಚನ್ನೂ ಎಷ್ಟೋ ಸಲ ಮೆಡಿಕೇಡ್ ಕೊಡುತ್ತದೆ. ಅರ್ಜಿ ಹಾಕುವಾಗಲೇ ಅದನ್ನು ಕೇಳಿಕೊಳ್ಳಿ.